ಎಕ್ಸೈಸ್ ಹೋಯಿತು, ಅಪೀಲು ಉಳಿಯಿತು

ಸೆಂಟ್ರಲ್ ಕಾಲೇಜಿನ ಮೆಟ್ರೊ ನಿಲ್ದಾಣದಲ್ಲಿ ಇಳಿದು ಮೈಸೂರು ಬ್ಯಾಂಕ್ ವೃತ್ತ ದಾಟಿ ಕೆಂಪೇಗೌಡ ರಸ್ತೆಗೆ ಬಂದರೆ ಕರಿಕೋಟಿನವರ ಓಡಾಟ ಶುರುವಾಗುತ್ತದೆ. ಹೆಚ್ಚಿನವರು ಸಿಟಿ ಸಿವಿಲ್ ಕೋರ್ಟಿನತ್ತ ಹೋಗುವವರು. ಅವರಲ್ಲಿ ಕೆಲವರು ಮಾತ್ರ ಎಫ್‌ಕೆಸಿಸಿಐ ಆವರಣದೊಳಕ್ಕೆ ತಿರುಗಿ, ಡಬ್ಲ್ಯುಟಿಸಿ ಕಟ್ಟಡದ ಮೊದಲ ಮಹಡಿಗೆ ಹತ್ತುತ್ತಾರೆ. ಡಬ್ಲ್ಯುಟಿಸಿ ಎಂದ ತಕ್ಷಣ ಮಲ್ಲೇಶ್ವರದ ಆಚೆಯ ಗಗನಚುಂಬಿಗೆ ಆಟೊ ಹಿಡಿಯಬೇಡಿ, ಇದು ಕೆ.ಜಿ. ರಸ್ತೆಯ ಹಳೆಯ ವಿಳಾಸ. ಇಲ್ಲಿರುವುದು ಸೆಸ್ಟಾಟ್‌ನ ಬೆಂಗಳೂರು ಪೀಠ. ಪೂರ್ತಿ ಹೆಸರು ಕಸ್ಟಮ್ಸ್, ಎಕ್ಸೈಸ್ ಮತ್ತು ಸೇವಾ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ. ಕರ್ನಾಟಕದ ಜೊತೆಗೆ ಕೇರಳದ ಪ್ರಕರಣಗಳೂ ಇಲ್ಲಿಗೇ ಬರುತ್ತವೆ.

ಎಫ್‌ಕೆಸಿಸಿಐ ಹುಟ್ಟಿದ್ದು 1916ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಎಂಬ ಹೆಸರಿನಲ್ಲಿ. ಉದ್ಯಮಿಗಳ ಸಂಸ್ಥೆಯ ಆವರಣದಲ್ಲೇ ಉದ್ಯಮಿಗಳು ತೆರಿಗೆ ಇಲಾಖೆಯ ಎದುರು ನಿಲ್ಲುವ ನ್ಯಾಯಾಲಯವೂ ಇದೆ. ಇದು ಎಲ್ಲರಿಗೂ ತೆರೆದ ನ್ಯಾಯಾಲಯ. ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕೂತು ಕೇಳುವವರನ್ನು ಯಾರೂ ಏಕೆ ಬಂದಿರಿ ಎಂದು ಕೇಳುವುದಿಲ್ಲ. ಆದರೂ ನಮ್ಮ ಪತ್ರಿಕೆಗಳ ವರದಿಗಾರರು ಇಲ್ಲಿಗೆ ಬರುವುದು ಅಪರೂಪ. ಮದ್ಯದಂಗಡಿಯ ಅಬಕಾರಿ ರಾಜ್ಯ ಸರ್ಕಾರದ್ದು, ಅದರ ಸುದ್ದಿ ನಿತ್ಯ ಬರುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಸರಕಿನ ಮೇಲೆ ಕೇಂದ್ರ ಹಾಕುತ್ತಿದ್ದ ಎಕ್ಸೈಸ್ ಸುಂಕದ ಜಗಳಗಳು ಮಾತ್ರ ಬಹುಮಟ್ಟಿಗೆ ಈ ಮಹಡಿಯಲ್ಲೇ ಮುಗಿದುಹೋಗುತ್ತವೆ.

ಗೋಡೆಗೆ ಅಂಟಿಸಿದ ಕಾಸ್ ಲಿಸ್ಟ್, ಅಂದರೆ ಆ ದಿನದ ಪ್ರಕರಣಗಳ ಪಟ್ಟಿ, ನೋಡಿದರೆ ಸಾಕು, ಪರಿಸ್ಥಿತಿ ತಿಳಿಯುತ್ತದೆ. ಪ್ರತಿ ಅಪೀಲಿನ ನಂಬರಿನ ಕೊನೆಗೆ ಅದು ದಾಖಲಾದ ವರ್ಷ ಇರುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಕಚ್ಚಾತೈಲ, ಪೆಟ್ರೋಲು, ಡೀಸೆಲ್, ವಿಮಾನದ ಇಂಧನ, ನೈಸರ್ಗಿಕ ಅನಿಲ ಮತ್ತು ತಂಬಾಕನ್ನು ಬಿಟ್ಟರೆ ಉಳಿದೆಲ್ಲ ಸರಕಿನ ಮೇಲಿನ ಎಕ್ಸೈಸ್ ಅಂದೇ ನಿಂತಿತು. ಸುಂಕ ನಿಂತರೂ ಅದಕ್ಕೆ ಮೊದಲು ಹುಟ್ಟಿದ ಬಾಕಿ, ನೋಟಿಸು, ಅಪೀಲುಗಳು ಸಾಯದಂತೆ ಹೊಸ ಕಾನೂನಿನ 174ನೇ ಕಲಂ ಕಾಪಾಡಿತು. ಆದ್ದರಿಂದಲೇ ಮುಚ್ಚಿದ ಕಾರ್ಖಾನೆಗಳ, ತೀರಿಕೊಂಡ ಪಾಲುದಾರರ, ಕೈಬದಲಾದ ಕಂಪನಿಗಳ ಹೆಸರುಗಳು ಇನ್ನೂ ಈ ಪಟ್ಟಿಯಲ್ಲಿ ಕಾಣುತ್ತವೆ.

ಹತ್ತೂವರೆಗೆ ಪೀಠ ಕೂರುತ್ತದೆ. ಎತ್ತರದ ಮೇಜಿನ ಹಿಂದೆ ಇಬ್ಬರು. ಒಬ್ಬರು ನ್ಯಾಯಾಂಗ ಸದಸ್ಯರು, ಇನ್ನೊಬ್ಬರು ತಾಂತ್ರಿಕ ಸದಸ್ಯರು. ಎರಡನೆಯವರು ಬಹುಮಟ್ಟಿಗೆ ಕಂದಾಯ ಸೇವೆಯಿಂದಲೇ ಬಂದವರು, ಸುಂಕದ ಕೋಷ್ಟಕ, ಲೆಕ್ಕಪುಸ್ತಕ, ಕಾರ್ಖಾನೆಯ ಶೆಡ್ಡು ಎಲ್ಲವನ್ನೂ ಕಂಡವರು. ಕಾನೂನು ಬಲ್ಲವರೂ ಕಸುಬು ಬಲ್ಲವರೂ ಅಕ್ಕಪಕ್ಕ ಕೂತು ವಿಚಾರಿಸುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು. ಇಬ್ಬರ ಅಭಿಪ್ರಾಯ ಬೇರೆಯಾದರೆ ಮೂರನೆಯವರ ಮುಂದೆ ವಿಷಯ ಹೋಗುತ್ತದೆ. ಕೆಳಗಿನ ಮೇಜಿನ ಒಂದು ಬದಿಗೆ ಇಲಾಖೆಯ ಪರ ವಾದಿಸುವ ಅಧಿಕಾರಿ. ಹಿಂದೆ ಅವರನ್ನು ಡಿ.ಆರ್. ಎನ್ನುತ್ತಿದ್ದರು, ಈಗ ಎ.ಆರ್. ಇನ್ನೊಂದು ಬದಿಗೆ ತಯಾರಕರ ಪರವಾಗಿ ಬಂದವರು. ಇವರು ವಕೀಲರೇ ಆಗಬೇಕೆಂದಿಲ್ಲ. ಚಾರ್ಟರ್ಡ್ ಅಕೌಂಟೆಂಟ್, ಕಾಸ್ಟ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ, ಕೊನೆಗೆ ಕಂಪನಿಯ ಖಾಯಂ ನೌಕರ ಕೂಡ ವಾದಿಸಬಹುದು. ಕೇರಳದ ಪ್ರಕರಣಗಳಲ್ಲಿ ಕೊಚ್ಚಿಯಿಂದ ವಿಡಿಯೊ ಪರದೆಯಲ್ಲಿ ಕಾಣಿಸಿಕೊಳ್ಳುವವರೂ ಇದ್ದಾರೆ.

ಗೋಡೆಬದಿಯ ಕಪಾಟುಗಳಲ್ಲಿ ಇಎಲ್‌ಟಿ, ಅಂದರೆ ಎಕ್ಸೈಸ್ ಲಾ ಟೈಮ್ಸ್‌ನ ಸಂಪುಟಗಳಿವೆ. ಈ ಪತ್ರಿಕೆಗೂ ನ್ಯಾಯಮಂಡಳಿಯ ಚರಿತ್ರೆಗೂ ನಂಟಿದೆ. 1982ರ ಅಕ್ಟೋಬರಿಗೆ ಮೊದಲು ತಯಾರಕ ಮೇಲ್ಮನವಿ ಹಾಕಬೇಕಿದ್ದದ್ದು ಇಲಾಖೆಯ ಮಂಡಳಿಗೇ, ಅಲ್ಲಿಂದ ಮುಂದೆ ಕೇಂದ್ರ ಸರ್ಕಾರಕ್ಕೇ. ಸುಂಕ ಹಾಕಿದವರೇ ದೂರು ಕೇಳುವ ಪದ್ಧತಿ ಅದು. ಅದನ್ನು ತಪ್ಪಿಸಿ ಇಲಾಖೆಯ ಹೊರಗೊಂದು ಬಾಗಿಲು ತೆರೆಯಲು ಹುಟ್ಟಿದ್ದು ಸೆಗಾಟ್. ಆಗ ಚಿನ್ನದ ನಿಯಂತ್ರಣ ಕಾಯ್ದೆಯೂ ಇತ್ತು, ಹೆಸರಿನಲ್ಲಿ ಚಿನ್ನವೂ ಇತ್ತು. ಆ ಕಾಯ್ದೆ ಹೋಗಿ, ಸೇವಾ ತೆರಿಗೆ ಸೇರಿ, 2003ರಲ್ಲಿ ಸೆಸ್ಟಾಟ್ ಆಯಿತು. ನಡುವೆ 1991ರಲ್ಲಿ, ನ್ಯಾಯಮಂಡಳಿಗೆ ಅಧ್ಯಕ್ಷರೇ ಇಲ್ಲವೆಂದು ಇಎಲ್‌ಟಿಯ ಸಂಪಾದಕ ಆರ್.ಕೆ. ಜೈನ್ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಪತ್ರವೇ ಅರ್ಜಿಯಾಗಿ, 1993ರ ತೀರ್ಪಿಗೆ ಕಾರಣವಾಯಿತು. ನ್ಯಾಯಮಂಡಳಿಗಳ ನೇಮಕಾತಿಯ ವಿಚಾರದಲ್ಲಿ ಅಂದು ಶುರುವಾದ ಚರ್ಚೆ 1997ರಲ್ಲಿ, 2019ರಲ್ಲಿ, 2020 ಮತ್ತು 2021ರಲ್ಲಿ ಮತ್ತೆ ಮತ್ತೆ ಸುಪ್ರೀಂ ಕೋರ್ಟಿಗೆ ಹೋಗಿದೆ. ಸದಸ್ಯರ ಕುರ್ಚಿ ಖಾಲಿ ಬಿಟ್ಟರೆ ಅದರ ಬೆಲೆ ತೆರುವವರು ಯಾರು ಎಂಬುದಕ್ಕೆ ಉತ್ತರ ಅಂದು ನನ್ನ ಮುಂದಿನ ಸಾಲಿನಲ್ಲೇ ಕೂತಿತ್ತು.

ಅಲ್ಲಿ ಕೂತಿದ್ದ ಅಪೀಲುದಾರರು ಪೀಣ್ಯದವರು, ಎಪ್ಪತ್ತರ ಸಮೀಪದ ವಯಸ್ಸು. ಮೊಣಕಾಲ ಮೇಲೆ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಅಂಗೈಯಗಲದ ಅಲ್ಯುಮಿನಿಯಂ ಎರಕದ ತುಂಡು, ಕಂಪ್ರೆಸರೊಂದರ ಮುಚ್ಚಳ. ಅಂಚಿಗೆ ನಾಲ್ಕು ತೂತು, ನಡುವೆ ಉಬ್ಬಿದ ಅಕ್ಷರದಲ್ಲಿ ದೊಡ್ಡ ಕಂಪನಿಯೊಂದರ ಗುರುತು. ಇಡೀ ಜಗಳ ಇದ್ದದ್ದು ಆ ಗುರುತಿನಲ್ಲಿ.

ಸಣ್ಣ ಕೈಗಾರಿಕೆಗಳಿಗೆ 8/2003 ಎಂಬ ಅಧಿಸೂಚನೆಯಡಿ ಎಕ್ಸೈಸ್ ವಿನಾಯಿತಿ ಇತ್ತು. 2007ರ ಏಪ್ರಿಲಿನಿಂದ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯ ಸರಕಿನವರೆಗೆ ಸುಂಕ ಇಲ್ಲ; ಹಿಂದಿನ ವರ್ಷದ ವಹಿವಾಟು 4 ಕೋಟಿ ಮೀರಿರಬಾರದು. ಜೊತೆಗೊಂದು ಷರತ್ತು: ಸರಕಿನ ಮೇಲೆ ಬೇರೆಯವರ ಬ್ರಾಂಡ್ ಇದ್ದರೆ ವಿನಾಯಿತಿ ಇಲ್ಲ. ದೊಡ್ಡ ಕಂಪನಿಗಳು ಸಣ್ಣವರ ಹೆಸರಿನಲ್ಲಿ ಸರಕು ಮಾಡಿಸಿ ಸುಂಕ ತಪ್ಪಿಸಬಾರದೆಂಬ ಉದ್ದೇಶ, ಸರಿಯಾದದ್ದೇ. ಆದರೆ ಅದೇ ಅಧಿಸೂಚನೆ ಇನ್ನೊಂದು ಮಾತೂ ಹೇಳುತ್ತದೆ. ಆ ವಸ್ತು ಯಂತ್ರವೊಂದರ ಬಿಡಿಭಾಗವಾಗಿದ್ದು, ಮೂಲ ಯಂತ್ರ ತಯಾರಿಕೆಗೇ ನೇರ ಹೋಗುವುದಾದರೆ ಬ್ರಾಂಡಿನ ಷರತ್ತು ಅನ್ವಯಿಸದು. ಸಣ್ಣ ಪ್ರಮಾಣದವರು ಅದಕ್ಕೊಂದು ಘೋಷಣೆ ಬರೆದುಕೊಟ್ಟರೆ ಸಾಕು. ಪೀಣ್ಯ, ರಾಜಾಜಿನಗರ, ಬೆಳಗಾವಿಯ ಉದ್ಯಮಬಾಗ್‌ನಂಥ ಕಡೆಗಳಲ್ಲಿ ದೊಡ್ಡ ಕಂಪನಿಗೆ ಭಾಗ ಮಾಡಿಕೊಡುವ ಶೆಡ್ಡುಗಳು ಬದುಕಿದ್ದೇ ಈ ಒಂದು ವಾಕ್ಯದ ಮೇಲೆ.

"ಡೈ ಅವರದ್ದು ಸಾರ್. ಅವರು ಕೊಟ್ಟ ಡೈನಲ್ಲೇ ಆ ಗುರುತಿದೆ. ನಾನು ಎರಕ ಹೊಯ್ದು, ತೂತು ಕೊರೆದು, ಲೋಡ್ ಮಾಡಿ ಕಳಿಸ್ತಿದ್ದೆ. ಅಂಗಡಿಗೆ ಒಂದು ಪೀಸೂ ಮಾರಿಲ್ಲ," ಎಂದರು, ದನಿ ತಗ್ಗಿಸಿ. ಘೋಷಣೆ ಕೊಟ್ಟಿದ್ದಿರಾ ಎಂದೆ. ಕೊಟ್ಟಿದ್ದರಂತೆ, ಒಂದು ವರ್ಷ ಮಾತ್ರ. ಮುಂದಿನ ವರ್ಷಗಳಿಗೂ ಕೊಡಬೇಕೆಂದು ಯಾರೂ ಹೇಳಲಿಲ್ಲ.

ಇಲಾಖೆಯ ನೋಟಿಸು ಬಂದದ್ದು 2011ರಲ್ಲಿ, ಹಿಂದಿನ ಐದು ವರ್ಷಗಳಿಗೆ ಸೇರಿಸಿ. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ, ನಾನು ಕೇಳಿದ ವಾದಗಳಲ್ಲಿ ಅರ್ಧಕ್ಕರ್ಧ ಅದರ ಸುತ್ತಲೇ ತಿರುಗುತ್ತಿದ್ದವು. ಕಟ್ಟದೆ ಉಳಿದ ಸುಂಕವನ್ನು ಕೇಳಲು ಇಲಾಖೆಗೆ ಆಗ ಇದ್ದ ಸಾಮಾನ್ಯ ಅವಧಿ ಒಂದು ವರ್ಷ; 2016ರಲ್ಲಿ ಅದು ಎರಡಾಯಿತು. ವಂಚನೆ, ಶಾಮೀಲು, ಬೇಕೆಂದೇ ಸುಳ್ಳು ಹೇಳಿದ್ದು, ಸಂಗತಿ ಮುಚ್ಚಿಟ್ಟದ್ದು ಇವುಗಳಲ್ಲಿ ಒಂದಾದರೂ ಇದ್ದರೆ ಐದು ವರ್ಷ ಹಿಂದಕ್ಕೆ ಹೋಗಬಹುದು. ಐದು ವರ್ಷ ಎಂದರೆ ಬೇಡಿಕೆ ದೊಡ್ಡದು, ಜೊತೆಗೆ ಸುಂಕದಷ್ಟೇ ದಂಡ, ಮೇಲೆ ಬಡ್ಡಿ. ಹೀಗಾಗಿ ನೋಟಿಸುಗಳಲ್ಲಿ ಮುಚ್ಚಿಟ್ಟಿದ್ದಾರೆ ಎಂಬ ಆರೋಪ ಅಚ್ಚು ಹಾಕಿದಂತೆ ಬರುತ್ತದೆ. ಗೊತ್ತಿಲ್ಲದೆ ಬಿಟ್ಟದ್ದು ಬೇರೆ, ಬಚ್ಚಿಟ್ಟದ್ದು ಬೇರೆ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಪೀಣ್ಯದ ಈ ಹಿರಿಯರಿಗೆ ನೋಟಿಸಿನಲ್ಲಿ ಹೆಚ್ಚು ನೋಯಿಸಿದ್ದು ಮೊತ್ತವಲ್ಲ, ಆ ಆರೋಪ. "ಕಳ್ಳ ಅಂತ ಬರ್ದಂಗೆ ಅಲ್ವಾ ಸಾರ್," ಎಂದರು.

ಅವರ ಸರದಿ ಬಂದಾಗ ವಕೀಲೆ ಎದ್ದು, ಎರಡು ಗೇಣು ದಪ್ಪದ ಪೇಪರ್ ಬುಕ್ಕನ್ನು ಬಿಚ್ಚಿದರು. ಅದರಲ್ಲಿ ಪುಟಗಟ್ಟಲೆ ಡೆಲಿವರಿ ಚಲನ್. ಒಂದು ಹಾಳೆಯನ್ನು ಆಮೇಲೆ ಹತ್ತಿರದಿಂದ ನೋಡಿದೆ. ಕಾರ್ಬನ್ ಇಟ್ಟು ಬರೆದ ನೀಲಿ ಅಕ್ಷರ, ಮೂಲೆಯಲ್ಲಿ ಕಟಿಂಗ್ ಆಯಿಲಿನ ಕಲೆ. ಆ ಕಲೆಯೂ ಜೆರಾಕ್ಸಿನಲ್ಲಿ ಕಪ್ಪಾಗಿ ಮೂಡಿದೆ. ಕೆಳಗೆ ಕಂಪನಿಯ ಸ್ಟೋರ್ಸ್‌ನವರು ಸರಕು ತಲುಪಿತು ಎಂದು ಹೊಡೆದ ಸೀಲು. ಟೆಂಪೊ ನಂಬರು, ಪೀಸುಗಳ ಎಣಿಕೆ, ಕನ್ನಡದಲ್ಲಿ ಒಂದು ಸಾಲು: "12 ಪೀಸ್ ರಿಜೆಕ್ಟ್, ವಾಪಸ್." ವಕೀಲೆ ಆ ಸಾಲನ್ನೇ ಹಿಡಿದರು. ತಿರಸ್ಕರಿಸಿದ ತುಂಡನ್ನು ಕಂಪನಿ ವಾಪಸ್ ಕಳಿಸುತ್ತದೆಂದರೆ ಅದು ಕಂಪನಿಯ ಜೋಡಣೆ ಸಾಲಿಗೆ ಹೋಗುವ ಭಾಗವೇ ಹೊರತು ಮಾರುಕಟ್ಟೆಗೆ ಹೋಗುವ ಸರಕಲ್ಲ ಎಂಬುದು ಅವರ ವಾದ. ತಾಂತ್ರಿಕ ಸದಸ್ಯರು ಮುಚ್ಚಳವನ್ನು ತರಿಸಿಕೊಂಡು ತಿರುಗಿಸಿ ನೋಡಿ, ಗುರುತು ಯಂತ್ರ ಜೋಡಿಸಿದ ಮೇಲೆ ಹೊರಗೆ ಕಾಣುತ್ತದೆಯೇ ಎಂದು ಕೇಳಿದರು. ಎ.ಆರ್. ಕೂಡ ಹಗುರವಾಗಿ ವಾದಿಸಲಿಲ್ಲ: ವಿನಾಯಿತಿ ಬೇಕೆಂದವರು ಷರತ್ತನ್ನು ಅಕ್ಷರಶಃ ಪಾಲಿಸಬೇಕು, ಘೋಷಣೆ ಇಲ್ಲದ ವರ್ಷಗಳಿಗೆ ಅವಕಾಶವಿಲ್ಲ ಎಂದರು. ಎರಡೂ ಕಡೆ ಹುರುಳಿತ್ತು. ಅರ್ಧ ಗಂಟೆಯೊಳಗೆ ಮುಗಿಯಿತು. ತೀರ್ಪು ಕಾದಿರಿಸಲಾಯಿತು.

ಈ ಬಗೆಯ ವಿಚಾರಣೆ ಇಲ್ಲಿಂದ ಮೇಲಕ್ಕೆ ಸಿಗುವುದಿಲ್ಲ. ಹೈಕೋರ್ಟಿಗೆ ಹೋಗಬಹುದಾದದ್ದು ಮಹತ್ವದ ಕಾನೂನು ಪ್ರಶ್ನೆ ಇದ್ದರೆ ಮಾತ್ರ. ಚಲನ್ ಓದುವುದು, ತುಂಡು ತಿರುಗಿಸಿ ನೋಡುವುದು, ಸ್ಟೋರ್ಸ್ ಸೀಲಿನ ತಾರೀಖು ಹೊಂದಿಸುವುದು, ಇವೆಲ್ಲ ಕೊನೆಗೊಳ್ಳುವುದು ಈ ಮಹಡಿಯಲ್ಲಿ. ಅದರಲ್ಲೂ ಸುಂಕದ ದರ ಅಥವಾ ಸರಕಿನ ಮೌಲ್ಯದ ಪ್ರಶ್ನೆಯಾದರೆ ಅಪೀಲು ಹೈಕೋರ್ಟಿಗೂ ಹೋಗದೆ ನೇರ ದಿಲ್ಲಿಗೆ, ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ವಿನಾಯಿತಿಯ ಪ್ರಶ್ನೆ ದರದ ಪ್ರಶ್ನೆಯೇ. 50 ಲಕ್ಷದೊಳಗಿನ ಪ್ರಕರಣವನ್ನು ಒಬ್ಬರೇ ಸದಸ್ಯರು ಕೇಳಬಹುದಾದರೂ ಪೀಣ್ಯದವರದ್ದು ಇಬ್ಬರ ಪೀಠಕ್ಕೆ ಬಂದದ್ದು ಅದಕ್ಕೇ. ಇಲಾಖೆ ಸೋತರೆ ಸಾಮಾನ್ಯವಾಗಿ ಇಷ್ಟು ಸಣ್ಣ ಮೊತ್ತಕ್ಕೆ ದಿಲ್ಲಿಗೆ ಹೋಗುವುದಿಲ್ಲ. 2024ರ ಆದೇಶದಂತೆ ಸುಪ್ರೀಂ ಕೋರ್ಟಿಗೆ ಹೋಗಲು ಅದರ ಮಿತಿ 5 ಕೋಟಿ, ಹೈಕೋರ್ಟಿಗೆ 2 ಕೋಟಿ, ಈ ಮಂಡಳಿಗೇ ಬರಲು 60 ಲಕ್ಷ. ಆದರೆ ಪೀಣ್ಯದವರು ಸೋತರೆ? ದಿಲ್ಲಿಯ ವಕೀಲರ ಫೀಸು ಕೊಟ್ಟು ಹೋರಾಡುವ ಶಕ್ತಿ ಎಷ್ಟು ಶೆಡ್ಡುಗಳಿಗಿದೆ? ಸಣ್ಣ ತಯಾರಕನ ಪಾಲಿಗೆ ಕೆ.ಜಿ. ರಸ್ತೆಯ ಈ ಕೋಣೆಯೇ ಸುಪ್ರೀಂ ಕೋರ್ಟು. ಹಾಗಿರುವಾಗ ಇಲ್ಲಿ ಒಂದು ಕುರ್ಚಿ ಖಾಲಿ ಬಿಡುವುದನ್ನು ಆಡಳಿತದ ಸಣ್ಣ ಲೋಪ ಎಂದು ತಳ್ಳಿಹಾಕಲು ನನ್ನಿಂದಾಗದು.

ಈ ಪೀಠದಿಂದ ಹೊರಟ ಸಣ್ಣ ಪ್ರಶ್ನೆಗಳು ದೇಶದ ಕಾನೂನನ್ನೇ ತಿದ್ದಿದ್ದೂ ಉಂಟು. ಬಿಲ್ ಫೋರ್ಜ್ ಪ್ರಕರಣ ನೋಡಿ. ಕಚ್ಚಾವಸ್ತುವಿನ ಮೇಲೆ ಕಟ್ಟಿದ ಸುಂಕವನ್ನು ತಯಾರಕ ಸೆನ್‌ವ್ಯಾಟ್ ಪುಸ್ತಕದಲ್ಲಿ ಜಮೆ ಹಿಡಿಯುತ್ತಿದ್ದ. ತಪ್ಪಾಗಿ ಹಿಡಿದ ಜಮೆಯನ್ನು ಬಳಸುವ ಮೊದಲೇ ತೆಗೆದುಹಾಕಿದರೆ ಬಡ್ಡಿ ಕೊಡಬೇಕೆ? ಪುಸ್ತಕದಲ್ಲಿ ಬರೆದದ್ದಷ್ಟೇ, ಖಜಾನೆಗೆ ಬಿಡಿಕಾಸಿನ ನಷ್ಟವೂ ಆಗಿಲ್ಲ, ಬಡ್ಡಿ ಎಲ್ಲಿಂದ ಎಂದಿತು ಕರ್ನಾಟಕ ಹೈಕೋರ್ಟ್. 2012ರಲ್ಲಿ ಕೇಂದ್ರವೇ ನಿಯಮ ತಿದ್ದಿ, ಜಮೆ ಹಿಡಿದು ಬಳಸಿದ್ದರೆ ಮಾತ್ರ ಬಡ್ಡಿ ಎಂದು ಮಾಡಿತು. ಸ್ಲೊವಾಕ್ ಇಂಡಿಯಾ ಪ್ರಕರಣದ್ದು ಇನ್ನೊಂದು ಬಗೆ. ಕಾರ್ಖಾನೆಯೇ ಮುಚ್ಚಿತು, ಪುಸ್ತಕದಲ್ಲಿ ಜಮೆ ಉಳಿದಿದೆ; ಅದನ್ನು ನಗದಾಗಿ ವಾಪಸ್ ಕೊಡಬೇಕೆ? ಕೊಡಬೇಕು ಎಂದು 2006ರಲ್ಲಿ ನಮ್ಮ ಹೈಕೋರ್ಟ್ ಹೇಳಿತು. 2019ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣ ಪೀಠ ಒಪ್ಪಲಿಲ್ಲ. ಮುಚ್ಚಿದ ಕಾರ್ಖಾನೆಯ ಮಾಲೀಕ ಬೆಂಗಳೂರಿನವನೋ ಪುಣೆಯವನೋ ಎಂಬುದರ ಮೇಲೆ ಅವನ ಹಣದ ಗತಿ ನಿಂತಿತು. ಅದು ನ್ಯಾಯವೆಂದು ನನಗನಿಸುವುದಿಲ್ಲ.

ನಮ್ಮ ಅಡುಗೆಮನೆಯೂ ಈ ಜಗಳಗಳಿಂದ ಹೊರಗಿಲ್ಲ. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಅಡುಗೆಗೋ ತಲೆಗೋ? ಕೇರಳದಲ್ಲಿ, ನಮ್ಮ ಕರಾವಳಿಯಲ್ಲಿ ಇದು ಪ್ರಶ್ನೆಯೇ ಅಲ್ಲ. ಒಂದೇ ಬಾಟಲಿ ಒಲೆಯ ಬದಿಗೂ ಇರುತ್ತದೆ, ಕನ್ನಡಿಯ ಬದಿಗೂ ಇರುತ್ತದೆ. ಆದರೆ ಸುಂಕದ ಕೋಷ್ಟಕದಲ್ಲಿ ಖಾದ್ಯ ತೈಲ ಒಂದು ಅಧ್ಯಾಯ, ತಲೆಗೆ ಹಚ್ಚುವ ಎಣ್ಣೆ ಇನ್ನೊಂದು, ದರವೂ ಬೇರೆಯಾಗಿತ್ತು. ಸೆಸ್ಟಾಟ್ ತಯಾರಕರ ಪರ ನಿಂತಿತು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟರು. ಕೊನೆಗೆ 2024ರ ಡಿಸೆಂಬರಿನಲ್ಲಿ ಮೂವರ ಪೀಠ ಹೇಳಿತು: ತಲೆಗೂದಲಿನ ಎಣ್ಣೆ ಎಂದು ಚೀಟಿ ಹಚ್ಚದೆ ಮಾರುವ ಶುದ್ಧ ಕೊಬ್ಬರಿ ಎಣ್ಣೆ, ಬಾಟಲಿ ಎಷ್ಟೇ ಚಿಕ್ಕದಿರಲಿ, ಖಾದ್ಯ ತೈಲವೇ. ಅಷ್ಟರಲ್ಲಿ ಆ ಸುಂಕವೇ ಹೋಗಿ ಏಳು ವರ್ಷ ಕಳೆದಿತ್ತು. ಕಬ್ಬಿನ ಸಿಪ್ಪೆಯದ್ದೂ ಹೀಗೇ. ಸಕ್ಕರೆ ಕಾರ್ಖಾನೆಯಲ್ಲಿ ಹಿಂಡಿ ಉಳಿದ ಬಗಾಸೆ ತಯಾರಿಸಿದ ವಸ್ತುವೇ, ಬರೀ ಉಳಿಕೆಯೇ? ಉಳಿಕೆ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸುವವರೆಗೆ ದೇಶದ ಸಕ್ಕರೆ ಸೀಮೆಗಳೆಲ್ಲ ಅದರ ಲೆಕ್ಕ ಕೊಡುತ್ತಾ ಕೂತಿದ್ದವು.

ಊಟದ ವಿರಾಮದಲ್ಲಿ ರಿಜಿಸ್ಟ್ರಿಯ ಕಡೆ ಹೋದೆ. ಇ.ಎ.-3 ಎಂಬ ನಮೂನೆ, ನಾಲ್ಕು ಪ್ರತಿ, ಕೆಳಗಿನ ಆದೇಶ ಕೈಸೇರಿದ ಮೂರು ತಿಂಗಳೊಳಗೆ. ಶುಲ್ಕ ಮೊತ್ತದ ಮೇಲೆ 1,000ದಿಂದ 10,000 ರೂಪಾಯಿ. ಕಟ್ಟುಗಳು ಗೋಡೆಯುದ್ದಕ್ಕೂ ಇವೆ. ಎಲ್ಲವೂ ಇಂಗ್ಲಿಷಿನಲ್ಲಿ, ಮಂಡಳಿಯ ನಿಯಮದಲ್ಲಿ ಭಾಷೆ ಇಂಗ್ಲಿಷ್, ಅನುಮತಿ ಇದ್ದರೆ ಹಿಂದಿ. ಕನ್ನಡಕ್ಕೆ, ಮಲಯಾಳಂಗೆ ಜಾಗವಿಲ್ಲ. ವಾದ ಇಂಗ್ಲಿಷಿನಲ್ಲಿ ನಡೆಯುವುದು ಅರ್ಥವಾಗುತ್ತದೆ, ಸದಸ್ಯರು ದೇಶದ ಯಾವ ಮೂಲೆಯವರೂ ಆಗಿರಬಹುದು. ಆದರೆ ತನ್ನ ಹಣೆಬರಹ ಏನಾಯಿತೆಂದು ಎರಡು ಪುಟದ ಕನ್ನಡ ಸಾರಾಂಶ ಅಪೀಲುದಾರನಿಗೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಪೀಣ್ಯದವರು ತಮ್ಮ ವಿಚಾರಣೆಯುದ್ದಕ್ಕೂ ವಕೀಲೆಯ ಮುಖವನ್ನೇ ನೋಡುತ್ತಿದ್ದರು.

2019ರ ಸಬ್‌ಕಾ ವಿಶ್ವಾಸ್ ಯೋಜನೆಯಲ್ಲಿ ಏಕೆ ಮುಗಿಸಿಕೊಳ್ಳಲಿಲ್ಲ ಎಂದು ಅವರನ್ನು ಕೇಳಿದೆ. 50 ಲಕ್ಷದೊಳಗಿನ ಸುಂಕದ ವ್ಯಾಜ್ಯಕ್ಕೆ ಅದರಲ್ಲಿ ಶೇ 70ರಷ್ಟು ಮಾಫಿ ಇತ್ತು, ಬಡ್ಡಿ, ದಂಡ ಪೂರ್ತಿ ಮನ್ನಾ. ಬಹಳ ಜನ ಅದನ್ನು ಹಿಡಿದು ಹೊರಬಂದರು. "ಉಳಿದ ಮೂವತ್ತು ಕಟ್ಟಿದ್ರೆ ತಪ್ಪು ಒಪ್ಪಿಕೊಂಡಂಗೆ ಆಗ್ತಿತ್ತು," ಎಂದರು. ಕಾನೂನಿನ ಪ್ರಕಾರ ಹಾಗಲ್ಲ. ಆದರೆ ಅವರ ಮನಸ್ಸಿಗೆ ಹಾಗೆ.

ಹಣದ ಮಾತು ಬಂದಾಗಲೇ ನನಗೆ ನಿಜವಾಗಿ ಸಂಕಟವಾದದ್ದು. ಈಗ ಅಪೀಲು ಹಾಕುವವರು ಸುಂಕದ ಶೇ 7.5 ಅಥವಾ 10ರಷ್ಟು ಕಟ್ಟಿದರೆ ಉಳಿದ ವಸೂಲಿ ನಿಲ್ಲುತ್ತದೆ. 2014ರ ಆಗಸ್ಟ್ 6ರಿಂದ ಬಂದ ನಿಯಮ ಇದು, ಒಳ್ಳೆಯ ನಿಯಮ. ಅದಕ್ಕೆ ಮೊದಲು ಪೂರ್ತಿ ಕಟ್ಟಬೇಕಿತ್ತು. ಆಗದಿದ್ದರೆ ತಡೆಯಾಜ್ಞೆ ಕೇಳಬೇಕಿತ್ತು. ಕಷ್ಟ ತೋಡಿಕೊಂಡು, ಎಷ್ಟು ಕಟ್ಟಬೇಕೆಂದು ಪೀಠ ಹೇಳುವವರೆಗೆ ಕಾಯುವುದರಲ್ಲೇ ಇಡೀ ದೇಶದ ಪೀಠಗಳ ಸಮಯ ಕರಗುತ್ತಿತ್ತು. ಇವರು ಬಂದದ್ದು ಆ ಕಾಲದಲ್ಲಿ, 2014ರ ಆರಂಭಕ್ಕೆ. 8 ಲಕ್ಷ ಕಟ್ಟಿ ಎಂದಿತು ಪೀಠ. ಸಾಲ ಮಾಡಿ ಕಟ್ಟಿದರು.

ಗೆದ್ದರೆ ಆ ಹಣ ವಾಪಸ್ ಬರುತ್ತದೆ. ಹೊಸ ನಿಯಮದಡಿ ಕಟ್ಟಿದವರಿಗೆ, ಕಟ್ಟಿದ ದಿನದಿಂದಲೇ ವರ್ಷಕ್ಕೆ ಶೇ 6ರ ಬಡ್ಡಿ ಸೇರುತ್ತದೆ. ಆದರೆ 2014ರ ತಿದ್ದುಪಡಿಗೆ ಮೊದಲು ಕಟ್ಟಿದ ಹಣಕ್ಕೆ ಹಳೆಯ ಕಲಮೇ ಅನ್ವಯ ಎಂದು ಕಾಯ್ದೆಯಲ್ಲೇ ಬರೆದಿದ್ದಾರೆ. ಹಳೆಯ ಕಲಮಿನ ಪ್ರಕಾರ ಬಡ್ಡಿ ಓಡತೊಡಗುವುದು ಗೆದ್ದ ಆದೇಶ ಅಧಿಕಾರಿಗೆ ತಲುಪಿ ಮೂರು ತಿಂಗಳಾದರೂ ಹಣ ಕೊಡದಿದ್ದರೆ ಮಾತ್ರ. ಅಂದರೆ ಇಷ್ಟು ವರ್ಷ ಸರ್ಕಾರದ ಬಳಿ ಇದ್ದ ಎಂಟು ಲಕ್ಷಕ್ಕೆ ಇವರಿಗೆ ಬಿಡಿಗಾಸೂ ಬಡ್ಡಿ ಬರುವುದಿಲ್ಲ. ಅದೇ ಸೋತರೆ, ಸುಂಕದ ಮೇಲೆ ಮೊದಲ ದಿನದಿಂದ ಬಡ್ಡಿ ಇವರೇ ಕಟ್ಟಬೇಕು. ವಿಚಾರಣೆ ತಡವಾದದ್ದು ಇವರಿಂದಲ್ಲ. ಈ ತಿದ್ದುಪಡಿಯನ್ನು ಹಳೆಯ ಅಪೀಲುಗಳಿಗೂ ವಿಸ್ತರಿಸಬೇಕೆಂದು ಸಂಸತ್ತಿನಲ್ಲಿ ಕೇಳುವ ಒಬ್ಬ ಸಂಸದರಾದರೂ ನಮ್ಮ ರಾಜ್ಯದಿಂದ ಬೇಕು.

ಹೊರಡುವ ಮೊದಲು ಅವರು ವಕೀಲೆಯ ಹತ್ತಿರ ಇನ್ನೊಂದು ವಿಷಯ ತೆಗೆದರು. ಶೆಡ್ಡು ಈಗ ಮಗನ ಕೈಯಲ್ಲಿದೆ, ಅವನಿಗೆ ಜಿಎಸ್‌ಟಿ ನೋಟಿಸು ಬಂದಿದೆ. ಆ ಜಗಳ ಈ ಮಹಡಿಗೆ ಬರುವುದಿಲ್ಲ. ಅದಕ್ಕೆಂದೇ ಬೇರೆ ನ್ಯಾಯಮಂಡಳಿ, ಜಿಎಸ್‌ಟಿಎಟಿ. ತೆರಿಗೆ ಬಂದು ಎಂಟು ವರ್ಷ ಕಳೆದ ಮೇಲೆ, 2025ರ ಸೆಪ್ಟೆಂಬರ್ 24ರಂದು ಅದಕ್ಕೆ ಚಾಲನೆ ಸಿಕ್ಕಿತು. ಅರ್ಜಿ ಆನ್‌ಲೈನಿನಲ್ಲಿ, ಮೊದಲ ಅಪೀಲಿಗೆ ಶೇ 10, ಅಲ್ಲಿ ಮತ್ತೆ ಶೇ 10 ಠೇವಣಿ. ಕಾಗದ ಏನೇನು ಇಡಬೇಕು ಎಂದು ಕೇಳಿದರು. ಚಲನ್, ಇ-ವೇ ಬಿಲ್, ಸರಕು ತಲುಪಿದ ಸಹಿ, ವಾಪಸ್ ಬಂದ ಪೀಸಿನ ಚೀಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ವರ್ಷವಾರು ಇಡಲು ಹೇಳಿ, ಘೋಷಣೆ ಏನಾದರೂ ಕೊಡಬೇಕಿದ್ದರೆ ಪ್ರತಿ ವರ್ಷ ತಪ್ಪದೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಲು ಹೇಳಿ ಎಂದರು ವಕೀಲೆ. ಹಿರಿಯರು ಜೇಬಿನಿಂದ ಪೆನ್ನು ತೆಗೆದು, ಕಾಸ್ ಲಿಸ್ಟಿನ ಹಿಂಬದಿಯಲ್ಲಿ ಒಂದೊಂದನ್ನೇ ಬರೆದುಕೊಂಡರು.